ಹಸಿರು ದೀಪ ಹತ್ತುವಷ್ಟು ದೂರ

ಜನವರಿ 9

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂತು. ಮೂರು ಪುಟದಲ್ಲಿ ಎರಡೂವರೆ ಪುಟ ನನ್ನ ಹೆಂಡತಿಗೆ ಬುದ್ಧಿವಾದ: ಮೆಟ್ಟಿಲು ಹತ್ತಬೇಡ, ಭಾರ ಎತ್ತಬೇಡ, ಇವನ ಮಾತು ಕೇಳಬೇಡ. ಅವಳು ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು, ನಾನು ಏನಾದರೂ ಕೆಲಸ ಹೇಳಿದರೆ ಬೆರಳು ಮಾಡಿ ತೋರಿಸುತ್ತಾಳೆ.

ಉಳಿದ ಅರ್ಧ ಪುಟ ಓದಿ ನನಗೆ ಬೇಜಾರಾಯಿತು. ಮೇ ತಿಂಗಳ ಕೊನೆಗೆ ಹೆರಿಗೆ. ಅವಳಿಗೆ ತಾಯಿಯಿಲ್ಲ, ನನಗೂ ಇಲ್ಲ. ಅಮ್ಮ ಹೋದದ್ದು ಹೇಗೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮಿಬ್ಬರಿಗೂ ಸೇರಿ ಇರುವುದು ನೀನೊಬ್ಬಳೇ. ನಾನು ಮಲಗಿದ್ದ ತೊಟ್ಟಿಲನ್ನು ಕಾರಿನ ಹಿಂದೆ ಹಾಕಿಕೊಂಡು ನೀನೇ ಓಡಿಸಿಕೊಂಡು ಬರುತ್ತೀಯ ಎಂದು ನಾವು ಕಾಯುತ್ತಿದ್ದರೆ, "ಪೆಟ್ರೋಲ್ ಈಗ ಮುಟ್ಟುವ ಹಾಗಿಲ್ಲ, ಈ ಮುದಿ ಕಾರು ಕುಡಿಯುವುದಕ್ಕೆ ಮಿತಿಯಿಲ್ಲ, ನೋಡೋಣ" ಎಂದು ಬರೆದಿದ್ದೀಯ. ನೀನು ನೋಡೋಣ ಎಂದರೆ ಇಲ್ಲ ಎಂದರ್ಥ. ಆರನೇ ವಯಸ್ಸಿನಿಂದ ನನ್ನನ್ನು ಸಾಕಿದವಳ ಭಾಷೆ ನನಗೆ ಗೊತ್ತಿಲ್ಲವೇ?

ಅಕ್ಕ, ಹನ್ನೆರಡು ವರ್ಷದಿಂದ ನಾನು ಮಾಡುತ್ತಿರುವ ಕೆಲಸವೇನು? ಪೆಟ್ರೋಲ್ ಕಾರುಗಳಿಗೆ ಗ್ಯಾಸ್ ಕಿಟ್ ಕೂರಿಸುವುದು. ಊರವರ ಕಾರನ್ನೆಲ್ಲ ಗ್ಯಾಸಿನಲ್ಲಿ ಓಡಿಸುವವನ ಸ್ವಂತ ಅಕ್ಕನ ಕಾರು ಪೆಟ್ರೋಲಿಗೆ ಬಾಯಿ ಬಿಡುತ್ತಾ ನಿಂತಿದೆ ಎಂದರೆ ನಾಚಿಕೆಗೇಡು. ಫೆಬ್ರುವರಿಯ ಎರಡನೇ ಶನಿವಾರ ಕಿಟ್ ಹೊತ್ತುಕೊಂಡು ಬರುತ್ತೇನೆ. ಬೇಡ ಎನ್ನಬೇಡ.

ನಿನ್ನ ಗ್ಯಾಸ್ ಮೇಸ್ತ್ರಿ,
ನಟ್ಟು

ಜನವರಿ 18

ನಟ್ಟು,

ಗಡಿಯಾರ, ರೇಡಿಯೋ, ಹೊಲಿಗೆಯಂತ್ರ ಒಂದನ್ನೂ ಬಿಡದೆ ಬಿಚ್ಚಿ, ನಟ್ಟುಗಳನ್ನು ಚಡ್ಡಿ ಜೇಬಿನಲ್ಲಿ ತುಂಬಿಕೊಂಡು ತಿರುಗುತ್ತಿದ್ದ ಹುಡುಗನಿಗೆ ಈ ಹೆಸರಿಟ್ಟವಳು ನಾನೇ. ಈಗ ನನ್ನ ಕಾರಿಗೇ ಕೈ ಹಾಕಲು ಬರುತ್ತೀಯಾ?

ಸ್ವಲ್ಪ ಯೋಚನೆ ಮಾಡು. ಇಪ್ಪತ್ತೆರಡು ವರ್ಷದ ಕಾರು. ಅಡುಗೆಮನೆಯಲ್ಲಿ ಒಂದು ಸಿಲಿಂಡರ್ ಇದೆ ಎಂದೇ ನಾನು ಮಲಗುವ ಮುಂಚೆ ಮೂರು ಸಲ ನಾಬ್ ಮುಟ್ಟಿ ನೋಡುತ್ತೇನೆ. ಇನ್ನು ಬೆನ್ನ ಹಿಂದೆ ಇನ್ನೊಂದನ್ನು ಕಟ್ಟಿಕೊಂಡು ಓಡಿಸಲಾ? ಹೋಗಲಿ, ಸಿಲಿಂಡರ್ ಕೂರಿಸಿದೆ ಎಂದುಕೋ. ಆಮೇಲೆ ಹಿಂದೆ ಜಾಗವೆಲ್ಲಿ? ತೊಟ್ಟಿಲನ್ನು ತಲೆಯ ಮೇಲೆ ಇಟ್ಟುಕೊಳ್ಳಲಾ?

ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವಳು ನಾನು. ಈ ಬೀದಿಯಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ನನ್ನ ಬೈಗುಳ ತಿಂದವರೇ. ಹೋದ ಸೆಪ್ಟೆಂಬರಿನಲ್ಲಿ ಬೋರ್ಡ್ ಇಳಿಸಿದ ಮೇಲೆ ಹಾಯಾಗಿದ್ದೇನೆ. ನನ್ನನ್ನೂ ಕಾರನ್ನೂ ನಮ್ಮ ಪಾಡಿಗೆ ಬಿಡು. ನಿನ್ನ ಹೆಂಡತಿಗೆ ಹಾಲು ಕುಡಿಯಲು ಹೇಳು.

ಅಕ್ಕ

ಜನವರಿ 25

ಅಕ್ಕ,

ಟ್ಯಾಂಕ್ ಸಿಲಿಂಡರಿನಂತೆ ಉದ್ದಕ್ಕಿರುವುದಿಲ್ಲ. ಟೈರಿನ ಆಕಾರದಲ್ಲಿ ಬರುತ್ತದೆ, ಹಿಂದೆ ನೆಲದ ಹಲಗೆ ಎತ್ತಿದರೆ ಸ್ಟೆಪ್ನಿ ಇಡುವ ಗುಂಡಿ ಇದೆಯಲ್ಲ, ಅದರಲ್ಲೇ ಕೂರುತ್ತದೆ. ಮೇಲೆ ಮತ್ತೆ ಹಲಗೆ ಮುಚ್ಚಿದರೆ ಮುಗಿಯಿತು. ಒಂದಲ್ಲ, ಎರಡು ತೊಟ್ಟಿಲು ಇಡಬಹುದು. ಅವಳು ಇದನ್ನು ಓದಿ "ಎರಡಾ!" ಎಂದು ಕಿರುಚಿದಳು, ನಾನು ಲೆಕ್ಕಕ್ಕೆ ಹೇಳಿದ್ದು.

ಹೆದರಿಕೆಯ ಮಾತು. ಆ ಟ್ಯಾಂಕಿನ ತಗಡು ನಿನ್ನ ಅಡುಗೆಮನೆಯ ಸಿಲಿಂಡರಿಗಿಂತ ದಪ್ಪ. ತುಂಬುವಾಗ ಐದರಲ್ಲಿ ನಾಲ್ಕು ಪಾಲು ತುಂಬಿದ ಕೂಡಲೇ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ನಿಂತರೆ ಗ್ಯಾಸೂ ನಿಲ್ಲುತ್ತದೆ. ನಾಬ್ ಮುಟ್ಟಿ ನೋಡಬೇಕಾಗಿಲ್ಲ.

ಮುಂದಿನ ಪತ್ರದಲ್ಲಿ "ಸ್ಟೆಪ್ನಿ ಯಾರ ಮಡಿಲಲ್ಲಿ ಇಡಲಿ?" ಎಂದು ಕೇಳುತ್ತೀಯ. ಮೇಲಿನ ಕ್ಯಾರಿಯರಿಗೆ ಬಿಗಿಯುತ್ತೇನೆ. ಬೇರೆ ಏನಾದರೂ ಇದೆಯಾ?

ನಟ್ಟು

ಫೆಬ್ರುವರಿ 20

ನಟ್ಟು,

ನೀನು ಹೋಗಿ ಒಂದು ವಾರವಾದರೂ ಅಂಗಳದಲ್ಲಿ ನೀನು ಮಲಗಿ ಕೆಲಸ ಮಾಡಿದ ರಟ್ಟು ಹಾಗೇ ಬಿದ್ದಿದೆ. ಎತ್ತಿಡಲು ಮನಸ್ಸಾಗಿಲ್ಲ. ಎರಡು ದಿನ ಕಾರಿನ ಕೆಳಗಿನಿಂದ ಹೊರಬಿದ್ದದ್ದು ನಿನ್ನ ಎರಡು ಕಾಲು ಮಾತ್ರ. ನಾನು ಟಾರ್ಚ್ ಹಿಡಿದು, "ಅಲ್ಲಲ್ಲ ಅಕ್ಕ, ಎಡಕ್ಕೆ" ಎಂದು ಬೈಸಿಕೊಂಡೆ. ಒಂದು ಕಾಲದಲ್ಲಿ ಎಡ ಯಾವುದು ಬಲ ಯಾವುದು ಎಂದು ನಿನಗೆ ಹೇಳಿಕೊಟ್ಟದ್ದು ನಾನು. ಕಾಲ ಕೆಟ್ಟಿತು.

ಕೆಲಸ ಚೆನ್ನಾಗಿ ಮಾಡಿದ್ದೀಯ, ಒಪ್ಪಿದೆ. ಒಂದು ಪೈಪೂ ಜೋತಾಡುತ್ತಿಲ್ಲ. ಸ್ಟಿಯರಿಂಗ್ ಪಕ್ಕದ ಆ ಪುಟ್ಟ ಬಟನ್ ಕೂಡ ಮೊದಲಿನಿಂದ ಅಲ್ಲೇ ಇತ್ತೇನೋ ಎಂಬಂತಿದೆ. ಕೆಂಪು ದೀಪವಿದ್ದರೆ ಪೆಟ್ರೋಲು, ಹಸಿರಾದರೆ ಗ್ಯಾಸು. ಎಷ್ಟು ಉಳಿದಿದೆ ಎಂದು ತೋರಿಸಲು ನಾಲ್ಕು ಚುಕ್ಕಿ. ಎಲ್ಲ ನೆನಪಿದೆ.

ಈಗ ವಾರಕ್ಕೆ ಎರಡು ಸಲ ಅಣೆಕಟ್ಟೆಯವರೆಗೆ ಹೋಗಿ ಬರುತ್ತಿದ್ದೇನೆ. ಗಾಳಿ ಚೆನ್ನಾಗಿರುತ್ತದೆ.

ಅಕ್ಕ

ಮಾರ್ಚ್ 14

ನಟ್ಟು,

ಹೇಳಬಾರದು ಎಂದುಕೊಂಡಿದ್ದೆ, ಆದರೂ ಹೇಳುತ್ತೇನೆ. ನಿನ್ನ ಗ್ಯಾಸ್ ಕೈ ಕೊಟ್ಟಿದೆ. ನೀನು ಹೋದಾಗಿನಿಂದ ಒಂದು ದಿನವೂ ಹಸಿರು ದೀಪ ಹತ್ತಿಲ್ಲ. ಕೆಂಪೇ ಕೆಂಪು. ಪೆಟ್ರೋಲ್ ಒಮ್ಮೆ ಹಾಕಿಸಿಯಾಯಿತು, ಗ್ಯಾಸಿನ ನಾಲ್ಕು ಚುಕ್ಕಿ ಮಾತ್ರ ನೀನು ತುಂಬಿಸಿ ಕೊಟ್ಟ ಹಾಗೇ ನಗುತ್ತಾ ಕೂತಿವೆ.

ಬೇಜಾರು ಮಾಡಿಕೊಳ್ಳಬೇಡ. ಹಳೆ ಕಾರು, ಅದಕ್ಕೆ ಒಗ್ಗಲಿಲ್ಲ. ಇಂಥ ನಂಬಿಕೆಯಿಲ್ಲದ ಗಾಡಿ ತೆಗೆದುಕೊಂಡು ಇನ್ನೂರು ಕಿಲೋಮೀಟರ್ ಬರುವುದು ಹೇಗೆ, ನೀನೇ ಹೇಳು. ನಾನು ಬರಲೇಬೇಕು ಎಂದೇನೂ ಇಲ್ಲವಲ್ಲ. ಈಗಿನ ಆಸ್ಪತ್ರೆಗಳಲ್ಲಿ ಎಲ್ಲ ಅವರೇ ನೋಡಿಕೊಳ್ಳುತ್ತಾರೆ.

ಅಕ್ಕ

ಮಾರ್ಚ್ 20

ಅಕ್ಕ,

ನಿನ್ನ ಪತ್ರ ಓದಿ ಊಟ ಸೇರಲಿಲ್ಲ. ಹನ್ನೆರಡು ವರ್ಷದಲ್ಲಿ ನಾನು ಕೂರಿಸಿದ ಒಂದು ಕಿಟ್ಟೂ ಹೀಗೆ ಮಾಡಿಲ್ಲ, ಮಾಡಿದ್ದು ನಿನ್ನದೇ ಆಗಬೇಕೇ?

ವಿಷಯ ಇಷ್ಟು. ಟ್ಯಾಂಕಿನಲ್ಲಿ ಗ್ಯಾಸ್ ನೀರಿನ ಹಾಗಿರುತ್ತದೆ. ಅದು ಆವಿಯಾಗಲು ರೇಡಿಯೇಟರ್ ನೀರಿನ ಬಿಸಿ ಬೇಕು. ಅದಕ್ಕೇ ಕಾರು ಮೊದಲು ಪೆಟ್ರೋಲಿನಲ್ಲಿ ಹೊರಟು, ಎರಡು ಮೂರು ಕಿಲೋಮೀಟರ್ ಹೋಗಿ ಎಂಜಿನ್ ಬಿಸಿಯಾದ ಮೇಲೆ ತಾನೇ ಗ್ಯಾಸಿಗೆ ಬದಲಾಗುತ್ತದೆ. ಅಣೆಕಟ್ಟೆ ಇಪ್ಪತ್ತು ಕಿಲೋಮೀಟರ್. ಅಷ್ಟು ದೂರ ಹೋದರೂ ಹಸಿರಾಗಿಲ್ಲ ಎಂದರೆ ನೀರು ಬಿಸಿಯೇ ಆಗುತ್ತಿಲ್ಲ, ಆ ಬಿಸಿ ಹಿಡಿದಿಡುವ ಥರ್ಮೋಸ್ಟ್ಯಾಟ್ ತೆರೆದುಕೊಂಡೇ ಸಿಕ್ಕಿಬಿದ್ದಿದೆ. ನಿಮ್ಮ ಮೂಲೆ ಗ್ಯಾರೇಜಿನ ಮೇಸ್ತ್ರಿಗೆ ಫೋನ್ ಮಾಡಿ ಹೇಳಿದ್ದೇನೆ. ಬಂದು ನೋಡುತ್ತಾರೆ. ಹೊಸದು ಹಾಕಿದರೆ ಸರಿಹೋಗುತ್ತದೆ.

ನಿನಗೆ ಕೆಟ್ಟ ಕೆಲಸ ಮಾಡಿಕೊಟ್ಟೆನಲ್ಲ ಎಂದು ನಾಚಿಕೆಯಾಗುತ್ತಿದೆ.

ನಟ್ಟು

ಏಪ್ರಿಲ್ 2

ಅಕ್ಕ,

ಮೇಸ್ತ್ರಿ ಫೋನ್ ಮಾಡಿದ್ದರು. "ಥರ್ಮೋಸ್ಟ್ಯಾಟ್ ಕಲ್ಲುಗುಂಡಿನ ಹಾಗಿದೆ ಕಣ್ರೀ. ನಾನೇ ರಿಂಗ್ ರೋಡಲ್ಲಿ ಒಂದು ಸುತ್ತು ಹೊಡೆದೆ. ನಾಲ್ಕನೇ ನಿಮಿಷಕ್ಕೆ ಹಸಿರು ಹತ್ತಿತು. ಗಾಡಿ ಬೆಣ್ಣೆ ಥರ ಹೋಗುತ್ತೆ" ಎಂದರು. ಫೋನ್ ಇಡುವ ಮುಂಚೆ, "ಟೀಚರು ಅದನ್ನ ಬೀದಿ ಕೊನೆ ಹಾಲಿನಂಗಡಿ ಆಚೆಗೆ ತಗೊಂಡು ಹೋಗಿದ್ದು ನಾನಂತೂ ನೋಡಿಲ್ಲಪ್ಪ" ಎಂದರು.

ಅಕ್ಕ, ನೀನು ಅಣೆಕಟ್ಟೆಗೆ ಹೋಗಿಲ್ಲ. ಹೊರಟ ಕಾರು ಬಿಸಿಯಾಗುವಷ್ಟು ದೂರವೂ ಒಂದು ದಿನ ಹೋಗಿಲ್ಲ.

ನನ್ನಂಥ ದಡ್ಡ ಇನ್ನೊಬ್ಬನಿಲ್ಲ. ನೀನು ಪೆಟ್ರೋಲ್ ಎಂದೆ, ನಾನು ಕಿಟ್ ತಂದೆ. ಜಾಗ ಎಂದೆ, ಟ್ಯಾಂಕಿನ ಆಕಾರ ಬದಲಿಸಿದೆ. ನೀನು ದೀಪ ಎಂದೆ, ನಾನು ಥರ್ಮೋಸ್ಟ್ಯಾಟ್ ಎಂದೆ. ನೀನು ಹೇಳಿದ್ದನ್ನೆಲ್ಲ ರಿಪೇರಿ ಮಾಡುತ್ತಾ ಹೋದೆನೇ ಹೊರತು, ಏನಾಗಿದೆ ಎಂದು ಒಂದು ಸಲ ಕೇಳಲಿಲ್ಲ. ಕೆಲಸ ಮುಗಿದ ಮೇಲೆ "ನೀನೇ ಓಡಿಸಿ ನೋಡು" ಎಂದು ನಾನು ಕೀ ಕೊಟ್ಟಾಗ ನೀನು "ಸೊಂಟ ನೋವು" ಎಂದು ಪಕ್ಕದ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಬಾಗಿಲ ಹಿಡಿ ಬಿಡಲಿಲ್ಲ. ನಾನು ಎಂಜಿನ್ ಸದ್ದು ಕೇಳುವುದರಲ್ಲೇ ಮುಳುಗಿದ್ದೆ.

ಈಗ ಕೇಳುತ್ತಿದ್ದೇನೆ. ಏನಾಯಿತು ಅಕ್ಕ?

ನಟ್ಟು

ಏಪ್ರಿಲ್ 19

ಅಕ್ಕ,

ಎರಡು ವಾರ ದಾಟಿತು. ಫೋನ್ ಮಾಡಿದರೆ ಹವಾಮಾನ ಹೇಳಿ ಇಡುತ್ತೀಯ. ಕೇಳಿದ್ದು ತಪ್ಪಾಗಿದ್ದರೆ ಬಿಟ್ಟುಬಿಡು, ಉತ್ತರ ಬೇಡ. ಬಸ್ಸಿಗೆ ಬಾ. ತೊಟ್ಟಿಲು ಇಲ್ಲೇ ಕೊಳ್ಳೋಣ. ನಮಗೆ ಬೇಕಾಗಿರುವುದು ನೀನು, ಕಾರಲ್ಲ.

ನಟ್ಟು

ಏಪ್ರಿಲ್ 23

ಮಗು,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವ ಮುಂಚೆ ಅಂಚೆಗೆ ಹಾಕುತ್ತೇನೆ.

ಹೋದ ಆಗಸ್ಟಿನಲ್ಲಿ ನನ್ನ ಹತ್ತಿರ ಕಲಿಯುತ್ತಿದ್ದವರು ಬೇಕರಿಯಮ್ಮ, ನಿನಗೂ ಗೊತ್ತಲ್ಲ. ನಲವತ್ತೈದು ವರ್ಷಕ್ಕೆ ಕಲಿಯಲು ಬಂದರು, ಹೆದರಿ ಹೆದರಿ. ಒಂದು ದಿನ ಮೊದಲ ಸಲ ಹೆದ್ದಾರಿಗೆ ಕರೆದುಕೊಂಡು ಹೋಗಿದ್ದೆ. ಚೆನ್ನಾಗಿಯೇ ಓಡಿಸುತ್ತಿದ್ದರು. ಒಂದು ಲಾರಿ ಇದ್ದಕ್ಕಿದ್ದ ಹಾಗೆ ಮುಂದೆ ನುಗ್ಗಿತು. ಅವರು ನಾನು ಹೇಳಿಕೊಟ್ಟ ಹಾಗೇ ಮೆಲ್ಲಗೆ ವೇಗ ಇಳಿಸಿದರು. ತಪ್ಪು ಮಾಡಿದ್ದು ನಾನು. ಟೀಚರ್ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಪೂರ್ತಿ ತುಳಿದುಬಿಟ್ಟೆ. ಕಾರು ರಸ್ತೆಗೆ ಅಡ್ಡವಾಗಿ ತಿರುಗಿ ನಿಂತಿತು. ಹಿಂದಿನಿಂದ ಬಂದ ಬಸ್ಸು ಒಂದು ಗೇಣಿನಲ್ಲಿ ತಪ್ಪಿಸಿಕೊಂಡು ಹೋಯಿತು. ಕಿಟಕಿಯಲ್ಲಿದ್ದ ಮಕ್ಕಳ ಮುಖ ನನಗೆ ಈಗಲೂ ಕಾಣುತ್ತದೆ.

ಕಾಲು ಬ್ರೇಕಿನಿಂದ ಏಳಲೇ ಇಲ್ಲ. ಬೇಕರಿಯಮ್ಮ ನನ್ನ ತೊಡೆ ಮುಟ್ಟಿ, "ಟೀಚರ್, ನಿಮ್ಮ ಕಾಲು ತೆಗೀರಿ. ನಾನು ಸೈಡಿಗೆ ಹಾಕ್ತೀನಿ" ಎಂದರು. ಮನೆಯವರೆಗೂ ಅವರೇ ಓಡಿಸಿದರು. ಮುಂದಿನ ವಾರ ಪರೀಕ್ಷೆ ಪಾಸಾದರು. ಪ್ರತಿ ಭಾನುವಾರ ಬ್ರೆಡ್ ತಂದುಕೊಡುತ್ತಾರೆ. ಇವತ್ತಿನವರೆಗೆ ಯಾರಿಗೂ ಒಂದು ಮಾತು ಹೇಳಿಲ್ಲ.

ನಾನು ಬೋರ್ಡ್ ಇಳಿಸಿದೆ. ಸ್ಕೂಲಿನ ಚಿಕ್ಕ ಕಾರು ಮಾರಿದೆ. ವಯಸ್ಸಾಯಿತು ಎಂದೆ, ಪೆಟ್ರೋಲ್ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ. ನಮ್ಮ ಬೀದಿ ದಾಟಿ ದೊಡ್ಡ ರಸ್ತೆ ಕಂಡರೆ ಉಸಿರು ಸಿಕ್ಕಿಕೊಳ್ಳುತ್ತದೆ ನಟ್ಟು. ಊರಿಗೆಲ್ಲ ಕಲಿಸಿದವಳು ಹಾಲಿನಂಗಡಿಯಿಂದ ಹಿಂದಿರುಗುತ್ತಾಳೆ ಎಂದು ಹೇಳಿಕೊಳ್ಳುವುದು ಹೇಗೆ? ಅದರಲ್ಲೂ ನಿನಗೆ?

ನೀನು ಅಷ್ಟು ಪ್ರೀತಿಯಿಂದ ಮಾಡಿದ ಕೆಲಸವನ್ನು ಕೆಟ್ಟಿದೆ ಎಂದೆನಲ್ಲ, ಅದಕ್ಕೆ ಕ್ಷಮಿಸು. ಅದೊಂದು ನನ್ನನ್ನು ಚುಚ್ಚುತ್ತಿದೆ.

ಅಕ್ಕ

ಏಪ್ರಿಲ್ 27

ಅಕ್ಕ,

ನಿನ್ನ ಪತ್ರವನ್ನು ವರ್ಕ್‌ಶಾಪಿನ ಹಿಂದೆ ನಿಂತು ಓದಿ ಅತ್ತುಬಿಟ್ಟೆ. ಕೈಯಲ್ಲಿದ್ದ ಗ್ರೀಸ್ ಕೆನ್ನೆಗೆಲ್ಲ ಆಯಿತು. ಎಂಟು ತಿಂಗಳು ಇದನ್ನು ಒಬ್ಬಳೇ ಹೊತ್ತುಕೊಂಡಿದ್ದೆಯಲ್ಲ. ನಾನು ಕಾರು ಕಲಿಯುವಾಗ ನಮ್ಮದೇ ಗೇಟಿಗೆ ಎರಡು ಸಲ ಗುದ್ದಿದೆ, ನೀನು ಗೇಟನ್ನೇ ಬೈದೆ. ನನಗೊಂದು ನ್ಯಾಯ, ನಿನಗೊಂದು ನ್ಯಾಯವೇ?

ನಾನು ಡಾಕ್ಟರಲ್ಲ, ಗ್ಯಾಸ್ ಮೇಸ್ತ್ರಿ. ನನಗೆ ತಿಳಿದದ್ದು ಹೇಳುತ್ತೇನೆ. ದಿನಾ ಬೆಳಿಗ್ಗೆ ಒಂದು ಸಲ ಹೊರಡು. ದೀಪ ಹಸಿರಾಗುವವರೆಗೆ ಮಾತ್ರ ಹೋಗು. ಹಸಿರಾದ ಕೂಡಲೇ ಎಲ್ಲಿದ್ದರೂ ಸರಿ, ತಿರುಗಿಸಿಕೊಂಡು ಮನೆಗೆ ಬಾ. ಒಂದು ಮಾರೂ ಹೆಚ್ಚು ಹೋಗಕೂಡದು. ದೊಡ್ಡ ರಸ್ತೆ ಬೇಡವೇ ಬೇಡ. ನಾಲ್ಕು ನಿಮಿಷದ ಕೆಲಸ.

ನಟ್ಟು

ಮೇ 5

ನಟ್ಟು,

ಮೊದಲ ದಿನ ಎಂಜಿನ್ ಚಾಲೂ ಮಾಡಿ ಅಂಗಳದಲ್ಲೇ ಕೂತಿದ್ದೆ. ಹತ್ತು ನಿಮಿಷಕ್ಕೆ ಅಲ್ಲೇ ಹಸಿರಾಯಿತು. ಇಳಿದು ಒಳಗೆ ಹೋದೆ. ಇದೂ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ನೀನೇ ಹೇಳು.

ಎರಡನೇ ದಿನ ಪೆನ್ಸಿಲ್ ಕಾರ್ಖಾನೆಯ ಗೇಟಿನ ಹತ್ತಿರ ಹಸಿರಾಯಿತು. ಕಾವಲುಗಾರ ಸಲಾಂ ಹೊಡೆದ, ಅಲ್ಲೇ ತಿರುಗಿಸಿದೆ. ಮೂರನೇ ದಿನವೂ ಅಷ್ಟೇ. ನಾಲ್ಕನೇ ದಿನ ನಿನ್ನ "ಒಂದು ಮಾರೂ ಹೆಚ್ಚು ಹೋಗಕೂಡದು" ನೆನಪಾಗಿ ಮೈ ಉರಿಯಿತು. ನನಗೆ ಹೇಳಲು ನೀನ್ಯಾರು? ರೈಲ್ವೆ ಗೇಟಿನವರೆಗೆ ಹೋಗಿ ಬಂದೆ. ನೀನು ಬೇಕೆಂದೇ ಹಾಗೆ ಬರೆದೆ ಎಂದು ಆಮೇಲೆ ಹೊಳೆಯಿತು. ಕಳ್ಳ.

ಅಕ್ಕ

ಮೇ 14

ನಟ್ಟು,

ನಿನ್ನೆ ಬೇಕರಿಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೋದೆ. "ಟೀಚರ್, ಕನ್ನಡಿ ನೋಡಿ. ಟೀಚರ್, ಇಂಡಿಕೇಟರ್" ಎಂದು ಒಂದೇ ಸಮನೆ ತಲೆ ತಿಂದರು. ನಾನು ಇಷ್ಟು ಕಾಟ ಕೊಡುತ್ತಿದ್ದೆನೇ? ಮುಂದಿನ ತಿರುವಿನಲ್ಲಿ ಹೆದ್ದಾರಿ ಬಿಟ್ಟು ಹಿಂದಿರುಗಿದೆವು. ಫೆಬ್ರುವರಿಯಿಂದ ಮೊದಲ ಸಲ ಗ್ಯಾಸಿನ ಒಂದು ಚುಕ್ಕಿ ಆರಿತು. ಇಬ್ಬರೂ ಕಾರು ನಿಲ್ಲಿಸಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಆದರೆ ನಿಜ ಹೇಳುತ್ತೇನೆ. ಆ ನಾಲ್ಕು ಕಿಲೋಮೀಟರಿಗೇ ಬಟ್ಟೆಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಇನ್ನೂರು ನನ್ನಿಂದ ಆಗುವುದಿಲ್ಲ. ಇಪ್ಪತ್ತೆಂಟನೇ ತಾರೀಖು ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ತೊಟ್ಟಿಲು ಆಮೇಲೆ ನೋಡೋಣ. ಈ ಸಲದ ನೋಡೋಣ ನಿಜವಾದದ್ದು.

ಅಕ್ಕ

ಮೇ 20

ಅತ್ತಿಗೆಯವರಿಗೆ,

ಬರೆಯುತ್ತಿರುವುದು ನಿಮ್ಮ ತಮ್ಮನ ಹೆಂಡತಿ. ಅವರಿಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ, ಗೋಡೆಯ ಮೇಲಿನ ನಿಮ್ಮ ಪತ್ರದಲ್ಲಿ ಇದನ್ನು ಮಾಡಬೇಡ ಎಂದು ಎಲ್ಲೂ ಇಲ್ಲ.

ನಾನು ಚೆನ್ನಾಗಿದ್ದೇನೆ. ಇನ್ನು ಯಾವ ದಿನ ಬೇಕಾದರೂ ಆಗಬಹುದು ಎಂದು ಡಾಕ್ಟರು ನಿನ್ನೆ ಹೇಳಿದರು. ನನಗೆ ಹೆದರಿಕೆಯಿಲ್ಲ. ಹೆದರಿಕೆ ಇರುವುದು ಅವರಿಗೆ. ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಮನೆಯಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ಏಳು ಸಲ ಕಾರು ಓಡಿಸಿ ನೋಡಿದ್ದಾರೆ. ನಿಮ್ಮ ಅಮ್ಮ ಹೆರಿಗೆಯಲ್ಲಿ ಹೋದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನೀವು ಅವರ ಕೈ ಹಿಡಿದುಕೊಂಡು ಕೂತಿದ್ದಿರಂತೆ. ಆ ದಿನದ್ದು ಅವರಿಗೆ ನೆನಪಿರುವುದು ಅಷ್ಟೇ. "ಅಕ್ಕ ಕೈ ಬಿಡಲಿಲ್ಲ" ಎಂದು ಒಂದೇ ಒಂದು ಸಲ ಹೇಳಿದ್ದಾರೆ.

ನೀವು ಬಸ್ಸಿಗೇ ಬನ್ನಿ. ನಿಮ್ಮನ್ನು ಅವಸರ ಮಾಡಲು ಬರೆಯಲಿಲ್ಲ. ನಿಮಗೆ ಗೊತ್ತಿರಲಿ ಎಂದಷ್ಟೇ.

ನಿಮ್ಮ ಬುದ್ಧಿವಾದ ಪಾಲಿಸುತ್ತಿರುವವಳು

ಮೇ 24, ಬೆಳಿಗ್ಗೆ ಒಂಬತ್ತೂಕಾಲು
ನಿನ್ನ ಮನೆಯ ಬಾಗಿಲ ಮುಂದೆ

ನಟ್ಟು,

ಬಂದೆ. ನೀವಿಲ್ಲ. ಬಾಗಿಲಿಗೆ ಬೀಗ, ನೀನು ಫೋನ್ ಎತ್ತುತ್ತಿಲ್ಲ. ಎದುರು ಮನೆಯಾಕೆ ಹೊರಬಂದು, "ಏಳು ಗಂಟೆಗೇ ಆಸ್ಪತ್ರೆಗೆ ಹೊರಟ್ರಲ್ಲಾ. ನೀವು ಅವರ ಅಕ್ಕನಾ?" ಎಂದು ಕೇಳಿ, ಬರೆಯಲು ಈ ಕಾಗದ ಕೊಟ್ಟರು.

ನಿನ್ನ ಹೆಂಡತಿ ಬರೆದ ಪತ್ರ ನಿನ್ನೆ ಸಂಜೆ ಕೈ ಸೇರಿತು. ಇವತ್ತೂ ಬಸ್ಸಿರುವುದು ಮಧ್ಯಾಹ್ನಕ್ಕೆ. ಮಧ್ಯಾಹ್ನದವರೆಗೆ ಕೈಕಟ್ಟಿ ಕೂರಲು ನನ್ನಿಂದ ಆಗಲಿಲ್ಲ. ಐದು ಗಂಟೆಗೆ ಹೊರಟೆ. ದಾರಿಯಲ್ಲಿ ಮೂರು ಸಲ ಪಕ್ಕಕ್ಕೆ ನಿಲ್ಲಿಸಿದೆ, ಒಂದು ಸಲ ಜೋರಾಗಿ ಅತ್ತೆ, ಲಾರಿಗಳಿಗೆಲ್ಲ ದಾರಿ ಬಿಟ್ಟೆ. ಗ್ಯಾಸ್ ಇನ್ನೂ ಒಂದು ಚುಕ್ಕಿ ಉಳಿದಿದೆ.

ಟ್ಯಾಕ್ಸಿ ಕರೆಯಲಾ ಎಂದು ಎದುರು ಮನೆಯಾಕೆ ಕೇಳುತ್ತಿದ್ದಾರೆ. ಬೇಡ ಎಂದೆ. ಆಸ್ಪತ್ರೆಗೆ ಎರಡನೇ ಸಿಗ್ನಲಿನಲ್ಲಿ ಎಡಕ್ಕೆ, ಆಮೇಲೆ ಮೇಲ್ಸೇತುವೆ ಹತ್ತಬೇಕಂತೆ. ಆಫೀಸಿಗೆ ಹೋಗುವವರ ಹೊತ್ತು, ರಸ್ತೆ ತುಂಬಿ ಹರಿಯುತ್ತಿದೆ. ನನ್ನ ಕೈ ಹೇಗೆ ನಡುಗುತ್ತಿದೆ ಎಂದು ಈ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಮೂವತ್ತು ವರ್ಷ, ಕೈ ನಡುಗುವವರನ್ನು ನಾನು ಸೀಟಿನಿಂದ ಇಳಿಸಿ, ನಡುಕ ನಿಂತ ಮೇಲೆ ಬನ್ನಿ ಎಂದು ಕಳಿಸುತ್ತಿದ್ದೆ. ಎಷ್ಟು ಜನ ತಿರುಗಿ ಬರಲೇ ಇಲ್ಲ. ನಡುಗುವ ಕೈಯಲ್ಲೂ ಓಡಿಸಬಹುದು ಎಂದು ಅವರಿಗೆ ಹೇಳಬೇಕಿತ್ತು. ನನಗೇ ಗೊತ್ತಿರಲಿಲ್ಲ.

ಏನಾದರೂ ತರಲು ನೀನು ಮನೆಗೆ ಬಂದು, ದಾರಿಯಲ್ಲಿ ನಾವು ಒಬ್ಬರಿಗೊಬ್ಬರು ಕಾಣದೆ ಹೋದರೆ ಎಂದು ಈ ಚೀಟಿ ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದೇನೆ. ಗಾಬರಿಯಾಗಬೇಡ, ನಿಧಾನವಾಗಿ ವಾಪಸ್ ಬಾ. ನಾನು ಅಲ್ಲಿ ಬೆಂಚಿನ ಮೇಲೆ ಕೂತಿರುತ್ತೇನೆ. ಪಕ್ಕದಲ್ಲಿ ನಿನಗೆ ಜಾಗ ಹಿಡಿದಿರುತ್ತೇನೆ.

ಅಕ್ಕ